ಎಕ್ಸ್‌ಟ್ರಾ ಫಿಟಿಂಗ್ ಹಾಕಿದ ಮೇಲೆ ಕಾರ್ಬೊರೇಟರ್ ತಕರಾರು: ದೋಷ ಹುಡುಕುವ ಕೈಪಿಡಿ

ಹಳೆಯ ಗಾಡಿಗೆ ಕೋನ್ ಫಿಲ್ಟರ್ ಬಂತು, ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ಬಂತು, ಕಾರ್ಬೊರೇಟರ್ ಅಡಿಗೆ ಸ್ಪೇಸರ್ ಬಂತು, ಪಾಯಿಂಟ್ (ಸ್ಪಾರ್ಕ್‌ಗಾಗಿ ಕರೆಂಟ್ ಕಡಿಯುವ ಸಂಪರ್ಕ) ಹೋಗಿ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು. ಆದರೆ ಪಿಕಪ್ ಏರಲಿಲ್ಲ. ಐಡ್ಲಿಂಗ್ ನಿಲ್ಲುತ್ತಿಲ್ಲ, ಆಕ್ಸಿಲರೇಟರ್ ಕೊಟ್ಟರೆ ಗಾಡಿ ಮುಗ್ಗರಿಸುತ್ತದೆ, ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರ ಕೈ ನೇರವಾಗಿ ಐಡ್ಲಿಂಗ್‌ನ ಗಾಳಿ-ಪೆಟ್ರೋಲ್ ಹದ ತಿದ್ದುವ ಮಿಕ್ಸ್ಚರ್ ಸ್ಕ್ರೂಗೆ ಹೋಗುತ್ತದೆ. ಅಲ್ಲಿಂದ ಮುಂದೆ ದೋಷ ಹುಡುಕುವುದು ಇನ್ನೂ ಕಷ್ಟ. ಮೊದಲು ಕೆಟ್ಟಿದ್ದು ಒಂದು, ಈಗ ಎರಡು.

ಕಾರ್ಬೊರೇಟರ್ ಲೆಕ್ಕ ಹಾಕುವ ಯಂತ್ರವಲ್ಲ. ಕಿರಿದಾದ ಗಂಟಲಿನಲ್ಲಿ ಗಾಳಿ ಜೋರಾಗಿ ಹರಿದಾಗ ಒತ್ತಡ ಇಳಿಯುತ್ತದೆ, ಆ ಇಳಿತ ಜೆಟ್ (ಅಳತೆಯ ಸಣ್ಣ ತೂತಿರುವ ತಿರುಪು) ಮೂಲಕ ಪೆಟ್ರೋಲ್ ಎಳೆಯುತ್ತದೆ. ಕಾರ್ಖಾನೆಯವರು ಜೆಟ್ ಆರಿಸಿದ್ದು ನಿರ್ದಿಷ್ಟ ಫಿಲ್ಟರ್‌ನ ತಡೆ, ಬೌಲ್‌ನಲ್ಲಿ (ಕಾರ್ಬೊರೇಟರ್‌ನ ಪೆಟ್ರೋಲ್ ಬಟ್ಟಲು) ನಿರ್ದಿಷ್ಟ ಪೆಟ್ರೋಲ್ ಮಟ್ಟ, ನಿರ್ದಿಷ್ಟ ಸೈಲೆನ್ಸರ್ ಮತ್ತು ನಿರ್ದಿಷ್ಟ ಬಿಸಿಯನ್ನು ಲೆಕ್ಕಕ್ಕೆ ಹಿಡಿದು. ನೀವು ಹಾಕುವ ಪ್ರತಿಯೊಂದು ಫಿಟಿಂಗ್ ಇವುಗಳಲ್ಲಿ ಯಾವುದಾದರೂ ಒಂದನ್ನು ಕದಲಿಸುತ್ತದೆ. ಹಾಗಾಗಿ ದೋಷ ಹುಡುಕುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡೇ: ಈ ಫಿಟಿಂಗ್ ಕದಲಿಸಿದ್ದು ಏನನ್ನು? ತೊಂದರೆ ಕಾಣಿಸುವುದು ಎಷ್ಟು ಆಕ್ಸಿಲರೇಟರ್‌ಗೆ?

ಕೈ ಹಾಕುವ ಮುನ್ನ

ಕಾರ್ಬೊರೇಟರ್ ಕೆಟ್ಟಿದೆ ಎಂದು ಬಿಚ್ಚುವ ಗಾಡಿಗಳಲ್ಲಿ ಬಹಳಷ್ಟರ ರೋಗ ಇಗ್ನಿಷನ್‌ನಲ್ಲಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆಗಬಾರದು ಎಂದರೆ ಕ್ರಮ ತಪ್ಪಿಸಬೇಡಿ. ಮೊದಲು ಟ್ಯಾಪೆಟ್, ಆಮೇಲೆ ಕಂಪ್ರೆಷನ್, ಆಮೇಲೆ ಪ್ಲಗ್ ಮತ್ತು ಪಾಯಿಂಟ್ ಗ್ಯಾಪ್, ಆಮೇಲೆ ಟೈಮಿಂಗ್ (ಸ್ಪಾರ್ಕ್ ಬೀಳುವ ಕ್ಷಣ), ಕೊನೆಗೆ ಕಾರ್ಬೊರೇಟರ್. ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗ್ ಬದಲಾಗುತ್ತದೆ, ಟೈಮಿಂಗ್ ಬದಲಾದರೆ ಐಡ್ಲಿಂಗ್ ಬದಲಾಗುತ್ತದೆ. ಹಿಂದುಮುಂದಾಗಿ ಮಾಡಿದರೆ ಒಂದೇ ಕೆಲಸ ಎರಡೆರಡು ಸಲ ಮಾಡಬೇಕಾಗುತ್ತದೆ.

ಕಾರ್ ಇಂಜಿನ್ ಆದರೆ ಮ್ಯಾನಿಫೋಲ್ಡ್‌ಗೆ (ಕಾರ್ಬೊರೇಟರ್‌ನಿಂದ ಸಿಲಿಂಡರ್‌ಗೆ ಹೋಗುವ ಕೊಳವೆ) ವ್ಯಾಕ್ಯೂಮ್ ಗೇಜ್ ಜೋಡಿಸಿ. ಇಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿದ್ದಾಗ, ಸಮುದ್ರ ಮಟ್ಟದಲ್ಲಿ, ಮುಳ್ಳು 17ರಿಂದ 21 ಇಂಚು ಪಾದರಸದ ನಡುವೆ ಅಲುಗಾಡದೆ ನಿಲ್ಲಬೇಕು. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಇಂಚು ಕಡಿಮೆಯಾಗುವುದು ಸಹಜ, ಅದನ್ನು ದೋಷ ಎಂದುಕೊಳ್ಳಬೇಡಿ. ಮುಳ್ಳು ಸ್ಥಿರವಾಗಿದ್ದೂ ಕೆಳಗಿದ್ದರೆ ಏರ್ ಲೀಕ್ ಅಥವಾ ಹಿಂದೆ ಬಿದ್ದ ಟೈಮಿಂಗ್. ತಾಳ ಹಾಕಿದಂತೆ ಒಂದೇ ಸಮನೆ ಕುಕ್ಕುತ್ತಿದ್ದರೆ ಯಾವುದೋ ಒಂದು ಸಿಲಿಂಡರ್‌ನ ವಾಲ್ವ್ ಅಥವಾ ಪ್ಲಗ್. ಅಂಥ ಇಂಜಿನ್‌ಗೆ ಎಷ್ಟು ಒಳ್ಳೆಯ ಜೆಟ್ ಕಿಟ್ ಹಾಕಿದರೂ ಫಲವಿಲ್ಲ. ಒಂದೇ ಸಿಲಿಂಡರ್‌ನ ಬೈಕ್‌ನಲ್ಲಿ ಮಾತ್ರ ಈ ಗೇಜ್ ನೆಚ್ಚಿಕೊಳ್ಳಬೇಡಿ, ಅಲ್ಲಿ ಮುಳ್ಳು ಹೇಗಿದ್ದರೂ ಕುಣಿಯುತ್ತದೆ.

ಸ್ಕ್ರೂ ಮುಟ್ಟುವ ಮೊದಲು ಅದರ ಈಗಿನ ಜಾಗ ಬರೆದಿಡಿ. ಬಲಕ್ಕೆ ತಿರುಗಿಸುತ್ತಾ ಹಗುರವಾಗಿ ತಳ ಮುಟ್ಟುವವರೆಗೆ ಸುತ್ತು ಎಣಿಸಿ, "ಒಂದು ಮುಕ್ಕಾಲು" ಎಂದು ಬರೆದು, ಅಷ್ಟೇ ವಾಪಸ್ ತನ್ನಿ. ಬಿಗಿಯಾಗಿ ಒತ್ತಿದರೆ ಸ್ಕ್ರೂ ತುದಿಯಲ್ಲಿ ಉಂಗುರದಂಥ ಗೀರು ಬೀಳುತ್ತದೆ, ಆಮೇಲೆ ಜನ್ಮದಲ್ಲಿ ಐಡ್ಲಿಂಗ್ ಸರಿಯಾಗಿ ಕೂರುವುದಿಲ್ಲ. ಪೆಟ್ರೋಲ್ ಪೈಪ್ ಬಿಚ್ಚುವುದಿದ್ದರೆ ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಕೈಗೆಟಕುವಲ್ಲಿ ಡ್ರೈ ಪೌಡರ್ ಅಗ್ನಿಶಾಮಕ ಇರಲಿ.

ಎಷ್ಟು ಆಕ್ಸಿಲರೇಟರ್‌ಗೆ ತೊಂದರೆ?

ಆರ್‌ಪಿಎಂ ಎಷ್ಟು, ಸ್ಪೀಡ್ ಎಷ್ಟು ಎನ್ನುವುದಕ್ಕಿಂತ ಥ್ರಾಟಲ್ (ಆಕ್ಸಿಲರೇಟರ್ ತೆರೆಯುವ ಗಾಳಿಬಾಗಿಲು) ಎಷ್ಟು ತೆರೆದಿದೆ ಎನ್ನುವುದು ಮುಖ್ಯ. ಬೈಕ್ ಆದರೆ ಹ್ಯಾಂಡಲ್ ಗ್ರಿಪ್ ಮೇಲೆ ಒಂದು ಟೇಪ್ ತುಂಡು ಅಂಟಿಸಿ, ಪಕ್ಕದ ಸ್ವಿಚ್ ಹೌಸಿಂಗ್ ಮೇಲೆ ಸೊನ್ನೆ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಪೆನ್‌ನಲ್ಲಿ ಗುರುತು ಹಾಕಿ. ಇನ್ನು ಗಾಡಿ ಓಡಿಸಿ, ಯಾವ ಗುರುತಿನ ಹತ್ತಿರ ಜರ್ಕ್ ಬರುತ್ತದೆ ನೋಡಿ.

ಸ್ಲೈಡ್ ಕಾರ್ಬೊರೇಟರ್‌ನಲ್ಲಿ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ ಮತ್ತು ಸ್ಕ್ರೂ, ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡ್‌ನ ಕಟ್, ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿ, ಆ ಮೇಲೆ ಮೇನ್ ಜೆಟ್. ಗಡಿಗಳು ಗೆರೆ ಕೊಯ್ದಂತಿಲ್ಲ, ಒಂದರ ಮೇಲೊಂದು ಹಾಯುತ್ತವೆ. ಬಟರ್‌ಫ್ಲೈ (ಗಂಟಲಲ್ಲಿ ತಿರುಗಿ ತೆರೆಯುವ ತಟ್ಟೆ) ಇರುವ ಕಾರ್ ಕಾರ್ಬೊರೇಟರ್‌ನಲ್ಲಿ ಐಡಲ್ ಜೆಟ್, ಆಮೇಲೆ ಬಟರ್‌ಫ್ಲೈ ಅಂಚಿನ ಹತ್ತಿರದ ಪ್ರೊಗ್ರೆಷನ್ ತೂತುಗಳು, ಆಮೇಲೆ ಮೇನ್. ಥಟ್ಟನೆ ಒತ್ತಿದ ಕ್ಷಣದ ಹೊಣೆ ಆಕ್ಸಿಲರೇಟರ್ ಪಂಪ್‌ನದು. ಇದನ್ನು ಇಂಜಿನ್ ಆಫ್ ಇದ್ದಾಗಲೇ ನೋಡಬಹುದು: ಫಿಲ್ಟರ್ ತೆಗೆದು ಗಂಟಲೊಳಗೆ ಟಾರ್ಚ್ ಬಿಟ್ಟು ಥ್ರಾಟಲ್ ಎಳೆಯಿರಿ. ಎಳೆದ ಕೂಡಲೇ ಸೂಜಿಯಂಥ ಗಟ್ಟಿ ಧಾರೆ ಹಾರಬೇಕು. ಅರ್ಧ ದಾರಿ ಎಳೆದ ಮೇಲೆ ಹಾರಿದರೆ, ಅಥವಾ ಹನಿ ಹನಿ ಸುರಿದರೆ, ಪಂಪ್‌ನ ಡಯಾಫ್ರಾಮ್ ಗಟ್ಟಿಯಾಗಿದೆ ಅಥವಾ ಲಿಂಕ್ ಸಡಿಲ ಬಿದ್ದಿದೆ. ಇದು ಕೆಟ್ಟಿರುವಾಗ ಮೇನ್ ಜೆಟ್ ದೊಡ್ಡದು ಮಾಡಿ ಜರ್ಕ್ ಹೋಗಿಸಲು ಹೊರಟವರು ಕೊನೆಗೆ ಮೈಲೇಜ್ ಕಳೆದುಕೊಳ್ಳುತ್ತಾರೆ, ಜರ್ಕ್ ಅಲ್ಲೇ ಇರುತ್ತದೆ.

ಲೀನೋ ರಿಚ್ಚೋ?

ಪೆಟ್ರೋಲ್ ಕಡಿಮೆ ಹೋದರೆ ಲೀನ್, ಹೆಚ್ಚು ಹೋದರೆ ರಿಚ್. ಇದನ್ನು ತಿಳಿಯಲು ಮೀಟರ್ ಬೇಕಿಲ್ಲ. ಇಂಜಿನ್ ಬಿಸಿಯಾಗಿದ್ದಾಗ, ತೊಂದರೆ ಕೊಡುವ ಥ್ರಾಟಲ್‌ನಲ್ಲೇ ಹಿಡಿದು, ಚೋಕ್ ಸ್ವಲ್ಪ ಎಳೆಯಿರಿ. ಇಂಜಿನ್ ಸುಧಾರಿಸಿದರೆ ಲೀನ್. ಇನ್ನೂ ಉಸಿರುಗಟ್ಟಿದರೆ ರಿಚ್. ರಿಚ್ ಎಂಬ ಅನುಮಾನಕ್ಕೆ ಇನ್ನೊಂದು ಸಾಕ್ಷಿ: ಏರ್ ಫಿಲ್ಟರ್ ತೆಗೆದಾಗ ಗಾಡಿ ಹಗುರವಾಗಿ ಎಳೆಯುತ್ತದೆ.

ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ಮೇಲೆಯೇ ತೂಗಿ ನಿಧಾನವಾಗಿ ಇಳಿಯುವುದು, ಕಾರ್ಬೊರೇಟರ್ ಬಾಯಲ್ಲಿ ಸೀನಿದ ಸದ್ದು, ಇಳಿಜಾರಿನಲ್ಲಿ ಸೈಲೆನ್ಸರ್ ಪಟಪಟ ಎನ್ನುವುದು ಲೀನ್ ಲಕ್ಷಣ. ಪಟಪಟಕ್ಕೆ ಮಾತ್ರ ಸೈಲೆನ್ಸರ್ ಜಾಯಿಂಟ್‌ನ ಲೀಕ್ ಕೂಡ ಕಾರಣವಾಗಬಹುದು, ಆದ್ದರಿಂದ ಅದೊಂದನ್ನೇ ನಂಬಿ ಜೆಟ್ ಬದಲಿಸಬೇಡಿ. ಆರ್‌ಪಿಎಂ ಅಗತ್ಯಕ್ಕಿಂತ ಕೆಳಗೆ ಬಿದ್ದು ಮತ್ತೆ ಎದ್ದು ಬರುವುದು, ಕಪ್ಪು ಹೊಗೆ, ಐಡ್ಲಿಂಗ್‌ನಲ್ಲಿ ಬಿಟ್ಟಷ್ಟೂ ಮಂಕಾಗುತ್ತಾ ಹೋಗುವುದು ರಿಚ್ ಲಕ್ಷಣ.

ಪೆಟ್ರೋಲ್ ದೋಷವೋ ಕರೆಂಟ್ ದೋಷವೋ ಎಂಬ ಗೊಂದಲಕ್ಕೂ ಒಂದು ಹೊರಗುರುತಿದೆ. ಕರೆಂಟ್ ಕೈ ಕೊಟ್ಟರೆ ಸ್ವಿಚ್ ಆರಿಸಿದಂತೆ ಥಟ್ಟನೆ ಕೊಡುತ್ತದೆ, ಬಂದರೂ ಥಟ್ಟನೆ ಬರುತ್ತದೆ. ಪೆಟ್ರೋಲ್ ಸಾಲದೆ ಹೋದರೆ ಇಂಜಿನ್ ನಿಧಾನವಾಗಿ ಬತ್ತುತ್ತದೆ.

ಸ್ಪೇಸರ್, ಅಡಾಪ್ಟರ್ ಹಾಕಿದ ಮೇಲೆ ಐಡ್ಲಿಂಗ್ ಕೆಟ್ಟರೆ

ಎಲ್ಲ ಫಿಟಿಂಗ್‌ಗಳಲ್ಲಿ ಹೆಚ್ಚು ತಲೆ ತಿನ್ನುವುದು ಇದೇ. ಕಾರ್ಬೊರೇಟರ್ ಮತ್ತು ಮ್ಯಾನಿಫೋಲ್ಡ್ ನಡುವೆ ಒಂದು ಜಾಯಿಂಟ್ ಇದ್ದದ್ದು ಈಗ ಎರಡಾಗಿದೆ. ಗಾಳಿ ಒಳನುಗ್ಗಲು ದಾರಿಯೂ ಎರಡು.

ಮೊದಲು ನೋಡಬೇಕಾದದ್ದು ಲೀಕ್ ಅಲ್ಲ, ಕೇಬಲ್. ಸ್ಪೇಸರ್ ಕಾರ್ಬೊರೇಟರನ್ನು 6ರಿಂದ 12 ಮಿ.ಮೀ. ಎತ್ತಿದೆ, ಆದರೆ ಕೇಬಲ್‌ನ ಬ್ರಾಕೆಟ್ ಮ್ಯಾನಿಫೋಲ್ಡ್ ಮೇಲೆ ಹಳೆಯ ಜಾಗದಲ್ಲೇ ಇದೆ. ಕೇಬಲ್ ಬಿಗಿದು ಬಟರ್‌ಫ್ಲೈ ಪೂರ್ತಿ ಮುಚ್ಚದೆ ನಿಂತರೆ ಐಡ್ಲಿಂಗ್ 1,500ಕ್ಕೆ ಏರಿ ಕೂರುತ್ತದೆ, ಎಲ್ಲರೂ ಏರ್ ಲೀಕ್ ಹುಡುಕುತ್ತಾ ಕೂರುತ್ತಾರೆ. ಕೇಬಲ್ ತುದಿ ಕಳಚಿ ನೋಡಿ. ಆರ್‌ಪಿಎಂ ಇಳಿದರೆ ದೋಷ ಅಲ್ಲೇ ಸಿಕ್ಕಿತು. ಆಟೋಮ್ಯಾಟಿಕ್ ಗಾಡಿಯಾದರೆ ಕಿಕ್‌ಡೌನ್ ಕೇಬಲ್ ಅಥವಾ ರಾಡ್‌ನ ಅಳತೆಯನ್ನೂ ಮತ್ತೆ ಕೂರಿಸಬೇಕು, ಇಲ್ಲದಿದ್ದರೆ ಗೇರ್ ಬದಲಾಗುವ ಹೊತ್ತು ತಪ್ಪುತ್ತದೆ.

ಕೇಬಲ್ ಸರಿಯಿದ್ದರೆ ಲೀಕ್ ಪರೀಕ್ಷೆ. ಫಿಲ್ಟರ್ ಜಾಗದಲ್ಲೇ ಇರಲಿ, ಇಲ್ಲವಾದರೆ ಸ್ಪ್ರೇ ಬಾಯಿಂದಲೇ ಒಳಹೋಗಿ ಸುಳ್ಳು ಉತ್ತರ ಕೊಡುತ್ತದೆ. ಇಂಜಿನ್ ಈಗಷ್ಟೇ ಸ್ಟಾರ್ಟ್ ಆಗಿ ಎಕ್ಸಾಸ್ಟ್ ಇನ್ನೂ ಕಾಯದಿರುವಾಗ, ಸಣ್ಣ ನಳಿಕೆಯಿಂದ ಕಾರ್ಬ್ ಕ್ಲೀನರನ್ನು (ಕಾರ್ಬೊರೇಟರ್ ತೊಳೆಯುವ ಸ್ಪ್ರೇ) ಒಂದೊಂದು ಜಾಯಿಂಟ್ ಮೇಲೆ ಅರ್ಧ ಸೆಕೆಂಡ್ ಮಾತ್ರ ಬಿಡಿ. ಪ್ರತಿ ಸಲ ಮೂರು ಸೆಕೆಂಡ್ ಕಾಯಿರಿ. ಸದ್ದು ಬದಲಾದ ಜಾಗವೇ ಲೀಕ್. ಬೆಂಕಿಯ ಭಯವಿದ್ದರೆ ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ ಅದನ್ನೇ ಹೊಡೆಯಿರಿ. ನೀರು ಕ್ಷಣಕಾಲ ಬಿರುಕು ಮುಚ್ಚುವುದರಿಂದ ಆಗಲೂ ಆರ್‌ಪಿಎಂ ಕದಲುತ್ತದೆ, ಸಣ್ಣಗೆ ಹೀರುವ ಸದ್ದೂ ಕೇಳಬಹುದು.

ಲೀಕ್ ಸಿಕ್ಕಿದ ಮೇಲೆ ನಟ್ ಇನ್ನಷ್ಟು ಬಿಗಿಯುವುದು ಪರಿಹಾರವಲ್ಲ, ಅದೇ ಎಷ್ಟೋ ಸಲ ರೋಗದ ಮೂಲ. ಅತಿಯಾಗಿ ಬಿಗಿದರೆ ಕಾರ್ಬೊರೇಟರ್‌ನ ಫ್ಲಾಂಜ್ ಕಿವಿಗಳು ಬಾಗುತ್ತವೆ, ಮಧ್ಯದಲ್ಲಿ ಸಂದು ಬಿಡುತ್ತದೆ. ಬಿಚ್ಚಿ, ಉಕ್ಕಿನ ಸ್ಕೇಲ್ ಅಂಚನ್ನು ಫ್ಲಾಂಜ್ ಮೇಲೆ ನಿಲ್ಲಿಸಿ, ಬೆಳಕಿಗೆ ಎದುರಾಗಿ ಹಿಡಿಯಿರಿ. ಕೆಳಗಿನಿಂದ ಬೆಳಕಿನ ಎಳೆ ಕಂಡರೆ, 0.1 ಮಿ.ಮೀ. ಫೀಲರ್ ನುಗ್ಗಿದರೆ, ಗಾಜಿನ ಹಲಗೆ ಮೇಲೆ 400 ನಂಬರ್ ನೀರು ಕಾಗದ ಹರವಿ ಎಂಟರ ಆಕಾರದಲ್ಲಿ ಉಜ್ಜಿ ಸಮ ಮಾಡಿ. ಸ್ಪೇಸರ್‌ನ ಎರಡೂ ಮುಖಕ್ಕೆ ಹೊಸ ಗ್ಯಾಸ್ಕೆಟ್ ಬೇಕು. ಗ್ಯಾಸ್ಕೆಟ್ ತೂತು, ಸ್ಪೇಸರ್ ತೂತು, ಮ್ಯಾನಿಫೋಲ್ಡ್ ತೂತು ಮೂರೂ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಸ್ಟಡ್ ಉದ್ದ ಸಾಲದೆ ನಟ್ ನಾಲ್ಕೇ ಎಳೆ ಹಿಡಿದಿದ್ದರೆ ಉದ್ದದ ಸ್ಟಡ್ ಹಾಕದೆ ಬೇರೆ ದಾರಿಯಿಲ್ಲ.

ಎಲ್ಲ ಜಾಯಿಂಟ್ ಗಟ್ಟಿಯಿದ್ದೂ ಥ್ರಾಟಲ್ ಶಾಫ್ಟ್‌ನ ತುದಿಗೆ ಸ್ಪ್ರೇ ಬಿದ್ದಾಗ ಸದ್ದು ಬದಲಾದರೆ ಶಾಫ್ಟ್ ಸವೆದಿದೆ. ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿದರೆ ಟಕಟಕ ಎನ್ನುತ್ತದೆ. ಗ್ಯಾಸ್ಕೆಟ್ ಕಿಟ್ ಇದಕ್ಕೆ ಮದ್ದಲ್ಲ. ಬಾಡಿಗೆ ಬುಷ್ ಹಾಕಿಸಬೇಕು.

ಸ್ಪೇಸರ್ ಹಾಕಿದ್ದು ಬಿಸಿ ತಡೆಯಲು ಎಂದಾದರೆ ಅದು ಫೀನಾಲಿಕ್ ಅಥವಾ ಬೇಕಲೈಟ್ ಆಗಿರಬೇಕು. ಹೊಳೆಯುವ ಅಲ್ಯೂಮಿನಿಯಂ ಸ್ಪೇಸರ್ ನೋಡಲು ಚೆಂದ. ಬಿಸಿಯನ್ನು ಅದು ಪ್ರಾಮಾಣಿಕವಾಗಿ ಮೇಲಕ್ಕೆ ಸಾಗಿಸುತ್ತದೆ.

ಕೋನ್ ಫಿಲ್ಟರ್

ಹಳೆಯ ಫಿಲ್ಟರ್ ಡಬ್ಬಿ ಗಾಳಿಗೆ ತಡೆ ಒಡ್ಡುತ್ತಿತ್ತು ನಿಜ. ಆದರೆ ಆ ತಡೆಯನ್ನು ಲೆಕ್ಕಕ್ಕೆ ಹಿಡಿದೇ ಮೇನ್ ಜೆಟ್ ಆರಿಸಿದ್ದು. ಡಬ್ಬಿ ತೆಗೆದರೆ ಗಂಟಲಿನ ಎಳೆತ ಕಡಿಮೆಯಾಗಿ, ಬರುವ ಗಾಳಿಗೆ ತಕ್ಕ ಪೆಟ್ರೋಲ್ ಸಿಗದೆ ಇಂಜಿನ್ ಲೀನ್ ಆಗುತ್ತದೆ. ಅರ್ಧ ಥ್ರಾಟಲ್‌ನಿಂದ ಮೇಲೆ ಎಳೆಯುವುದಿಲ್ಲ, ಬಿಸಿ ಹೆಚ್ಚುತ್ತದೆ, ಪ್ಲಗ್ ಬಿಳಿಚುತ್ತದೆ. ಇದರ ಕಾಟ ಹೆಚ್ಚು ಕಾಣುವುದು ವ್ಯಾಕ್ಯೂಮ್‌ನಿಂದ ಸ್ಲೈಡ್ ಏಳುವ ಸಿವಿ ಕಾರ್ಬೊರೇಟರ್‌ಗಳಲ್ಲಿ. ಅವಕ್ಕೆ ಡಬ್ಬಿಯೊಳಗಿನ ಕದಡದ ಗಾಳಿ ಬೇಕು. ಬರಿಯ ಕೋನ್‌ಗೆ ಅಡ್ಡಗಾಳಿ ಬಡಿದರೆ ಸ್ಲೈಡ್ ನಡುಗುತ್ತದೆ, ಗಾಡಿ ಒಂದೇ ವೇಗದಲ್ಲಿ ಹೋಗುವಾಗಲೂ ತೂಗುಯ್ಯಾಲೆ ಆಡುತ್ತದೆ. ಅಂಥ ಬೈಕ್‌ಗೆ ಹಳೆಯ ಡಬ್ಬಿಯನ್ನೇ ವಾಪಸ್ ಹಾಕಿ, ಒಳಗೆ ಒಳ್ಳೆಯ ಎಲಿಮೆಂಟ್ ಕೂರಿಸುವುದು ಲೇಸು.

ಜೆಟ್ ಬದಲಿಸಿದರೂ ಸರಿಹೋಗದ ಕೋನ್ ಫಿಲ್ಟರ್ ದೋಷ ಒಂದಿದೆ, ಕಣ್ಣಿಗೆ ಬೀಳುವುದಿಲ್ಲ. ಕಾರ್ಬೊರೇಟರ್‌ನ ಬಾಯಂಚಿನಲ್ಲಿ ಒಂದೆರಡು ಸಣ್ಣ ತೂತುಗಳಿರುತ್ತವೆ, ಅವು ಪೆಟ್ರೋಲ್‌ಗೆ ಮುಂಚೆಯೇ ಸ್ವಲ್ಪ ಗಾಳಿ (ಬ್ಲೀಡ್ ಗಾಳಿ) ಬೆರೆಸುವ ಏರ್ ಜೆಟ್‌ಗಳ ದಾರಿ. ಫಿಲ್ಟರ್‌ನ ರಬ್ಬರ್ ಕತ್ತು ಒಳಕ್ಕೆ ಜಾಸ್ತಿ ನುಗ್ಗಿದರೆ ಅದರ ತುಟಿ ಈ ತೂತಿನ ಮೇಲೆ ಕೂರುತ್ತದೆ. ಬ್ಲೀಡ್ ಗಾಳಿ ನಿಂತು ಮಿಶ್ರಣ ರಿಚ್ ಆಗುತ್ತದೆ. ಫಿಲ್ಟರ್ ಕಳಚಿ ರಬ್ಬರ್‌ನ ಒಳಮುಖ ನೋಡಿ. ಅಲ್ಲಿ ತೂತಿನ ಗಾತ್ರದ ಅಚ್ಚು ಮೂಡಿದ್ದರೆ ಇದೇ ಕಾರಣ. ತುಟಿಯನ್ನು ಬ್ಲೇಡ್‌ನಿಂದ ಕತ್ತರಿಸಿ, ಅಥವಾ ಕತ್ತನ್ನು 5 ಮಿ.ಮೀ. ಹಿಂದೆ ಸರಿಸಿ ಕ್ಲಾಂಪ್ ಬಿಗಿಯಿರಿ.

ಎಣ್ಣೆ ಹಾಕುವ ಹತ್ತಿ ಫಿಲ್ಟರ್ ತೊಳೆದ ನಂತರ ಗಾಡಿ ರಿಚ್ ಆದರೆ ಎಣ್ಣೆ ಜಾಸ್ತಿಯಾಗಿದೆ. ಅದು ಏರ್ ಜೆಟ್‌ಗಳ ಮೇಲೂ ಅಂಟಿ ಕೂತಿರುತ್ತದೆ, ಫಿಲ್ಟರ್ ಜೊತೆ ಅವನ್ನೂ ತೊಳೆಯಿರಿ.

ಜೆಟ್ ಕಿಟ್

ಜೆಟ್ ಮೇಲಿನ ನಂಬರ್ ಎಲ್ಲ ಕಂಪನಿಗೂ ಒಂದೇ ಅರ್ಥ ಕೊಡುವುದಿಲ್ಲ. ವೆಬರ್, ಸೋಲೆಕ್ಸ್, ಡೆಲ್ಲೋರ್ಟೊ, ಕೀಹಿನ್ ಜೆಟ್‌ಗಳಲ್ಲಿ 120 ಎಂದರೆ ತೂತಿನ ವ್ಯಾಸ 1.20 ಮಿ.ಮೀ. ಮಿಕುನಿಯ ಹಲವು ಜೆಟ್‌ಗಳಲ್ಲಿ ಅದೇ ನಂಬರ್ ಹರಿವಿನ ಅಳತೆ. ಒಂದರ ಜಾಗಕ್ಕೆ ನಂಬರ್ ನೋಡಿ ಇನ್ನೊಂದು ಹಾಕಿದರೆ ಎಲ್ಲಿಗೆ ಹೋಗಿ ಮುಟ್ಟುತ್ತೀರಿ ಎಂದು ಹೇಳಲಾಗದು.

ವ್ಯಾಸ ಸ್ವಲ್ಪ ಏರಿದರೂ ತೂತಿನ ವಿಸ್ತಾರ ವರ್ಗದ ಲೆಕ್ಕದಲ್ಲಿ ಏರುತ್ತದೆ. 120ರಿಂದ 125ಕ್ಕೆ ಹೋದರೆ ನಂಬರ್ ಏರಿದ್ದು ಸುಮಾರು 4%, ತೂತು ಹಿಗ್ಗಿದ್ದು 8.5%. ಹಾಗಾಗಿ ಒಂದು ಸಲಕ್ಕೆ ಒಂದೇ ಹೆಜ್ಜೆ. ಹಳೆಯ ಜೆಟ್ ತೂತಿಗೆ ತಂತಿ ತೂರಿಸಿ ಉಜ್ಜುವುದು, ಡ್ರಿಲ್ ಬಿಟ್ ತಿರುಗಿಸುವುದು ಬೇಡವೇ ಬೇಡ. ಒಳಗೋಡೆಯಲ್ಲಿ ಗೀರು ಬಿದ್ದ ಜೆಟ್ ಮೇಲೆ 120 ಎಂದೇ ಬರೆದಿರುತ್ತದೆ, ನಡತೆ ಮಾತ್ರ ಬೇರೆ. ಹಳೆಯ ಗಾಡಿ ಕೊಂಡವರು ಎಷ್ಟು ಟ್ಯೂನ್ ಮಾಡಿದರೂ ಕೂರದಿದ್ದಾಗ ಮೊದಲು ಹೊಸ ಜೆಟ್ ಹಾಕಿ ನೋಡುವುದು ಇದಕ್ಕೇ.

ಎಥನಾಲ್ ಬೆರೆತ ಪೆಟ್ರೋಲ್‌ನ ಲೆಕ್ಕವೂ ಇಲ್ಲೇ ಬರುತ್ತದೆ. ಶುದ್ಧ ಪೆಟ್ರೋಲ್‌ನ ಒಂದು ಭಾಗ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು. 10% ಎಥನಾಲ್ ಇದ್ದರೆ ಸುಮಾರು 14.1, 20% ಇದ್ದರೆ ಸುಮಾರು 13.5. ಅಂದರೆ ಶುದ್ಧ ಪೆಟ್ರೋಲ್‌ಗೆ ಕೂರಿಸಿದ ಹಳೆಯ ಕಾರ್ಬೊರೇಟರ್ ಏನೂ ಮುಟ್ಟದೆಯೇ ಮೊದಲನೆಯದರಲ್ಲಿ 4%, ಎರಡನೆಯದರಲ್ಲಿ 8-9% ಲೀನ್ ಆಗಿರುತ್ತದೆ. ಕೋನ್ ಫಿಲ್ಟರ್ ಅದರ ಮೇಲಿನ ಇನ್ನೊಂದು ಹೊರೆ. ಎಷ್ಟೋ ಗಾಡಿಗಳಲ್ಲಿ ಫಿಲ್ಟರನ್ನು ಬೈಯುತ್ತಾ ಇರುವಾಗ ಅರ್ಧ ತಪ್ಪು ಪೆಟ್ರೋಲ್‌ನದಾಗಿರುತ್ತದೆ. ಹಳೆಯ ರಬ್ಬರ್ ಪೈಪ್, ಕಾರ್ಕ್ ಗ್ಯಾಸ್ಕೆಟ್ ಕೂಡ ಎಥನಾಲ್‌ಗೆ ಉಬ್ಬಿ ಪುಡಿಯಾಗುತ್ತವೆ. ಆ ಕರಿಪುಡಿ ಬಂದು ಕೂರುವುದು ಪೈಲಟ್ ಜೆಟ್‌ನಲ್ಲಿ.

ಮಿಕ್ಸ್ಚರ್ ಸ್ಕ್ರೂ ಬಗ್ಗೆ ಒಂದು ಮಾತು. ಸ್ಕ್ರೂ ಇಂಜಿನ್ ಕಡೆಗಿದ್ದರೆ ಅದು ಸಾಮಾನ್ಯವಾಗಿ ಪೆಟ್ರೋಲ್ ಸ್ಕ್ರೂ, ಹೊರಗೆ ತಿರುಗಿಸಿದರೆ ರಿಚ್. ಫಿಲ್ಟರ್ ಕಡೆಗಿದ್ದರೆ ಏರ್ ಸ್ಕ್ರೂ, ಹೊರಗೆ ತಿರುಗಿಸಿದರೆ ಲೀನ್. ಪೂರ್ತಿ ಒಳಗೆ ಹಾಕಿದರೂ ಪೆಟ್ರೋಲ್ ಸ್ಕ್ರೂಗೆ ಇಂಜಿನ್ ಜಗ್ಗದಿದ್ದರೆ ಪೆಟ್ರೋಲ್ ಬೇರೆ ದಾರಿಯಿಂದ ಬರುತ್ತಿದೆ: ಐಡಲ್ ಸ್ಕ್ರೂ ಜಾಸ್ತಿ ಒಳಗಿದ್ದು ಬಟರ್‌ಫ್ಲೈ ಪ್ರೊಗ್ರೆಷನ್ ತೂತುಗಳನ್ನು ದಾಟಿ ತೆರೆದಿದೆ, ಅಥವಾ ಬೌಲ್ ಮಟ್ಟ ಏರಿ ಮೇನ್ ನಳಿಕೆ ತೊಟ್ಟಿಕ್ಕುತ್ತಿದೆ.

ಎಲೆಕ್ಟ್ರಿಕ್ ಪಂಪ್, ರೆಗ್ಯುಲೇಟರ್, ಓವರ್‌ಫ್ಲೋ

ಬೌಲ್‌ನ ಸೂಜಿಯನ್ನು ಮುಚ್ಚಿ ಹಿಡಿಯುವುದು ತೇಲುವ ಫ್ಲೋಟ್‌ನ ಬಲ. ತೆರೆಯಲು ತಳ್ಳುವುದು ಪಂಪ್‌ನ ಒತ್ತಡ ಮತ್ತು ಸೀಟ್ ತೂತಿನ ವಿಸ್ತಾರ ಎರಡೂ ಸೇರಿ. ವೆಬರ್ ಮಾದರಿಗೆ ಸುಮಾರು 3 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಸಾಕು. ಹಾಲಿ (Holley) ಕಂಪನಿಯ ಮಾದರಿ 6-7 ತಡೆಯುತ್ತದೆ. ಟ್ಯಾಂಕ್‌ನಿಂದ ಇಳಿದು ಬರುವ ಬೈಕ್‌ನಲ್ಲಿ 30 ಸೆಂ.ಮೀ. ಎತ್ತರದ ಪೆಟ್ರೋಲ್ ಕೊಡುವ ಒತ್ತಡ ಬರೀ 0.3 ಪಿಎಸ್‌ಐ. ಅಂಥ ಕಾರ್ಬೊರೇಟರ್‌ಗೆ ಕಾರಿನ ಪಂಪ್ ಜೋಡಿಸಿದರೆ ಓವರ್‌ಫ್ಲೋ ಆಗದೆ ಇನ್ನೇನು?

"ಪೆಟ್ರೋಲ್ ಸಾಲುತ್ತಿಲ್ಲ" ಎಂದು 1.5 ಮಿ.ಮೀ. ಸೀಟ್ ತೆಗೆದು 2.0 ಹಾಕುವವರಿದ್ದಾರೆ. ವಿಸ್ತಾರ 1.78 ಪಟ್ಟಾಯಿತು, ಅದೇ ಒತ್ತಡ ಈಗ ಸೂಜಿಯನ್ನು ಅಷ್ಟು ಪಟ್ಟು ತಳ್ಳುತ್ತದೆ, ಫ್ಲೋಟ್ ಮಾತ್ರ ಹಳೆಯದೇ. ನಿಜಕ್ಕೂ ಸಾಲುತ್ತಿಲ್ಲವೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಗಾಡಿ ಪೂರ್ತಿ ಥ್ರಾಟಲ್‌ನಲ್ಲಿ ಬತ್ತಿದ ಕೂಡಲೇ ಇಗ್ನಿಷನ್ ಆಫ್ ಮಾಡಿ, ಕ್ಲಚ್ ಹಿಡಿದು ಪಕ್ಕಕ್ಕೆ ನಿಲ್ಲಿಸಿ. ಕೀ ಅನ್ನು ಆಫ್‌ಗೆ ಮಾತ್ರ ತಿರುಗಿಸಿ, ಹೊರಗೆ ತೆಗೆದರೆ ಸ್ಟಿಯರಿಂಗ್ ಲಾಕ್ ಆದೀತು. ಇಂಜಿನ್ ತಣಿದ ಮೇಲೆ ಬೌಲ್‌ನ ಡ್ರೇನ್ ಬಿಚ್ಚಿ ಅಳೆಯುವ ಲೋಟಕ್ಕೆ ಬಿಡಿ. ಬೌಲ್ ಅರ್ಧ ಖಾಲಿಯಿದ್ದರೆ ಪಂಪ್, ಪೈಪ್ ಅಥವಾ ಟ್ಯಾಂಕ್ ಮುಚ್ಚಳದ ಗಾಳಿ ತೂತು. ತುಂಬಿದ್ದರೆ ದೋಷ ಮುಂದಿದೆ, ಜೆಟ್ ಅಥವಾ ಇಗ್ನಿಷನ್.

ಒತ್ತಡ ಅಳೆಯಬೇಕಾದದ್ದು ರೆಗ್ಯುಲೇಟರ್ ಮತ್ತು ಕಾರ್ಬೊರೇಟರ್ ನಡುವೆ ಟೀ ಹಾಕಿ, ಇಂಜಿನ್ ಓಡುತ್ತಿರುವಾಗ. ರೆಗ್ಯುಲೇಟರ್ ತಿರುಗುಗುಂಡಿಯ ಮೇಲೆ ಕೊರೆದ ಅಂಕಿಗಳನ್ನು ನಂಬಬೇಡಿ. ಒತ್ತಡ ಸರಿಯಿದ್ದೂ ಬಿಸಿ ಇಂಜಿನ್ ನಿಲ್ಲಿಸಿದ ಹತ್ತು ನಿಮಿಷಕ್ಕೆ ಓವರ್‌ಫ್ಲೋ ಆದರೆ ಪೈಪ್‌ನಲ್ಲಿ ಸಿಕ್ಕಿಬಿದ್ದ ಪೆಟ್ರೋಲ್ ಕಾದು ಹಿಗ್ಗಿ ಸೂಜಿಯನ್ನು ತಳ್ಳುತ್ತಿದೆ. ಸುಮಾರು 1 ಮಿ.ಮೀ. ತೂತಿನ ರಿಟರ್ನ್ ಲೈನ್ ಒಂದು ಟ್ಯಾಂಕ್‌ಗೆ ಹೋದರೆ ಈ ಕಾಟ ನಿಲ್ಲುತ್ತದೆ.

ಫ್ಲೋಟ್ ಹಿತ್ತಾಳೆಯದಾದರೆ ಕಿವಿ ಹತ್ತಿರ ಅಲುಗಿಸಿ, ಒಳಗೆ ಪೆಟ್ರೋಲ್ ಕುಲುಕುವ ಸದ್ದು ಬಂದರೆ ತೂತಾಗಿದೆ. ಸದ್ದಿಲ್ಲದಿದ್ದರೂ ಅನುಮಾನವಿದ್ದರೆ ಬಿಸಿ ನೀರಿನಲ್ಲಿ ಮುಳುಗಿಸಿ. ಒಳಗಿನ ಗಾಳಿ ಹಿಗ್ಗಿ, ಬೆಸುಗೆಯ ಅಂಚಿನಿಂದ ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತವೆ. ಮತ್ತೆ ಬೆಸೆಯುವುದಕ್ಕಿಂತ ಹೊಸದು ಹಾಕಿ. ಒಳಗೆ ಪೆಟ್ರೋಲ್ ಆವಿ ಇರುವ ಫ್ಲೋಟ್‌ಗೆ ಬೆಂಕಿ ತೋರಿಸುವುದು ಹುಡುಗಾಟವಲ್ಲ, ಮೇಲಾಗಿ ಬೆಸುಗೆಯ ತೂಕಕ್ಕೆ ಮಟ್ಟವೂ ಏರುತ್ತದೆ.

ಪಂಪನ್ನು ಟ್ಯಾಂಕ್ ಹತ್ತಿರ, ಟ್ಯಾಂಕ್‌ಗಿಂತ ಕೆಳಗೆ, ಟ್ಯಾಂಕ್ ಮತ್ತು ಪಂಪ್ ನಡುವೆ ಫಿಲ್ಟರ್ ಇಟ್ಟು ಕೂರಿಸಿ. ಅದು ತಳ್ಳುವ ಯಂತ್ರ, ಎಳೆಯುವುದರಲ್ಲಿ ದುರ್ಬಲ. ಇಂಜಿನ್ ನಿಂತಾಗ ಪಂಪ್ ನಿಲ್ಲಿಸುವ ಆಯಿಲ್ ಪ್ರೆಷರ್ ಸ್ವಿಚ್ ಅಥವಾ ಡಿಕ್ಕಿಯಾದಾಗ ಅದನ್ನು ನಿಲ್ಲಿಸುವ ಇನರ್ಷಿಯಾ ಸ್ವಿಚ್ ಇಲ್ಲದಿದ್ದರೆ ಈ ಫಿಟಿಂಗ್ ಅರ್ಧವೇ ಆದಂತೆ. ಅಪಘಾತದಲ್ಲಿ ಪೈಪ್ ಹರಿದರೂ ಪಂಪ್ ಸುರಿಯುತ್ತಲೇ ಇರುತ್ತದೆ.

ಬಿಸಿಯಾದ ಮೇಲೆ ಸ್ಟಾರ್ಟ್ ಆಗದಿದ್ದರೆ

ನಿಲ್ಲಿಸಿದ ಐದು ನಿಮಿಷಕ್ಕೆ ಫಿಲ್ಟರ್ ತೆಗೆದು ಗಂಟಲೊಳಗೆ ಇಣುಕಿ. ಮೇನ್ ನಳಿಕೆಯಿಂದ ಪೆಟ್ರೋಲ್ ಜಿನುಗುತ್ತಾ ಬಟರ್‌ಫ್ಲೈ ಮೇಲೆ ಮಡುಗಟ್ಟಿದ್ದರೆ ಬೌಲ್ ಕುದಿಯುತ್ತಿದೆ. ಆಗ ಪಂಪ್ ಮಾಡದೆ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಮದ್ದು ಫೀನಾಲಿಕ್ ಸ್ಪೇಸರ್ ಮತ್ತು ಎಕ್ಸಾಸ್ಟ್ ಕಡೆಗೆ ಹೀಟ್ ಶೀಲ್ಡ್. ಗಂಟಲು ಒಣಗಿದ್ದು ಪೈಪ್‌ನಲ್ಲಿ ಪೆಟ್ರೋಲ್ ಇಲ್ಲದಿದ್ದರೆ ಅದು ವೇಪರ್ ಲಾಕ್, ಅಂದರೆ ಪೈಪ್‌ನಲ್ಲೇ ಪೆಟ್ರೋಲ್ ಆವಿಯಾಗಿ ಹರಿವು ನಿಂತಿದೆ. ಪೈಪ್ ಎಕ್ಸಾಸ್ಟ್‌ಗೆ ಎಲ್ಲಿ ಹತ್ತಿರ ಹಾಯುತ್ತದೆ ನೋಡಿ ದೂರ ಸರಿಸಿ.

ಎಲೆಕ್ಟ್ರಿಕ್ ಚೋಕ್ ಮತ್ತು ಎಲೆಕ್ಟ್ರಾನಿಕ್ ಇಗ್ನಿಷನ್

ಎಲೆಕ್ಟ್ರಿಕ್ ಚೋಕ್ ಹಾಕಿದ ಮೇಲೆ ಮೈಲೇಜ್ ಬಿದ್ದು ಕಪ್ಪು ಹೊಗೆ ಬಂದರೆ ವೈರ್ ಎಲ್ಲಿಂದ ಬಂದಿದೆ ಎಂದು ಹಿಡಿದು ಹೋಗಿ. ಸುಲಭಕ್ಕೆ ಸಿಗುತ್ತದೆ ಎಂದು ಕಾಯಿಲ್‌ನ ಪಾಸಿಟಿವ್‌ನಿಂದ ಎಳೆದಿದ್ದರೆ ತಪ್ಪು. ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲ್‌ಗೆ ಹೋಗುವ ವೋಲ್ಟೇಜ್ ಇಳಿಸುವ ತಡೆ) ಇರುವ ಗಾಡಿಯಲ್ಲಿ ಅಲ್ಲಿ 12 ವೋಲ್ಟ್ ಇರುವುದಿಲ್ಲ. ಚೋಕ್ ಪೂರ್ತಿ ಕಾಯದೆ ಅರೆ ಮುಚ್ಚಿ ಉಳಿಯುತ್ತದೆ, ಕಾಯಿಲ್‌ಗೂ ಕರೆಂಟ್ ಕಡಿಮೆಯಾಗುತ್ತದೆ. ಒಂದೇ ತಪ್ಪಿಗೆ ಎರಡು ರೋಗ. ಇಂಜಿನ್ ಓಡುವಾಗ ಚೋಕ್ ಟರ್ಮಿನಲ್‌ನಲ್ಲಿ ಪೂರ್ಣ ಬ್ಯಾಟರಿ ವೋಲ್ಟೇಜ್ ಸಿಗಬೇಕು, ಕೆಲವು ನಿಮಿಷದಲ್ಲಿ ಚೋಕ್ ಪ್ಲೇಟ್ ನೆಟ್ಟಗೆ ನಿಲ್ಲಬೇಕು. ಕೆಲವು ಗಾಡಿಗಳ ಮೂಲ ಚೋಕ್ ಮಾತ್ರ ಆಲ್ಟರ್ನೇಟರ್‌ನ ಕಡಿಮೆ ವೋಲ್ಟೇಜ್‌ಗೇ ಮಾಡಿದ್ದು, ಅವಕ್ಕೆ ಈ ಅಳತೆ ಹೊಂದುವುದಿಲ್ಲ.

ಪಾಯಿಂಟ್ ಬದಲು ಮಾಡ್ಯೂಲ್ ಹಾಕಿದ ಮೇಲೆ ಟೈಮಿಂಗ್ ಮತ್ತೆ ಕೂರಿಸಲೇಬೇಕು. ಸ್ಪಾರ್ಕ್ ಬೀಳುವ ಕ್ಷಣ ಬದಲಾಗಿರುತ್ತದೆ. ಮಾಡ್ಯೂಲ್‌ಗೆ ಬ್ಯಾಲಸ್ಟ್ ಮೂಲಕ ಕರೆಂಟ್ ಕೊಟ್ಟರೆ ಸ್ಟಾರ್ಟ್ ಆಗುವಾಗ ಮಿಸ್ಸಿಂಗ್. ಕಾಯಿಲ್‌ನ ಪ್ರೈಮರಿ ಮೀಟರ್‌ನಲ್ಲಿ 1.5 ಓಮ್ ತೋರಿಸುತ್ತಿದ್ದು ಕಿಟ್ ಕೇಳುವುದು 3 ಓಮ್ ಆದರೆ ಮಾಡ್ಯೂಲ್ ಕಾದು ಸಾಯುತ್ತದೆ. ಹೊಸ ಕಾರ್ಬೊರೇಟರ್ ಜೊತೆ ವ್ಯಾಕ್ಯೂಮ್ ಅಡ್ವಾನ್ಸ್ (ವ್ಯಾಕ್ಯೂಮ್‌ನಿಂದ ಸ್ಪಾರ್ಕ್ ಮುಂಚಿತವಾಗಿಸುವ) ಪೈಪ್ ಯಾವ ನಳಿಕೆಗೆ ಹೋಗಿದೆ ಎಂದೂ ನೋಡಿ. ಬಟರ್‌ಫ್ಲೈ ಮೇಲಿನ ನಳಿಕೆಗೆ ಮಾಡಿದ ಡಿಸ್ಟ್ರಿಬ್ಯೂಟರನ್ನು ಮ್ಯಾನಿಫೋಲ್ಡ್ ನಳಿಕೆಗೆ ಸೇರಿಸಿದರೆ ಐಡ್ಲಿಂಗ್‌ನಲ್ಲೇ ಅಡ್ವಾನ್ಸ್ ಬಂದು ಕೂರುತ್ತದೆ.

ಬಿಚ್ಚಿ ಪಕ್ಕಕ್ಕಿಡಬೇಕಾದವು

ಪೆಟ್ರೋಲ್ ಪೈಪ್ ಸುತ್ತ ಮ್ಯಾಗ್ನೆಟ್, ಗಾಳಿಯನ್ನು ಸುಳಿಯಾಗಿಸುವ ರೆಕ್ಕೆ, ಟ್ಯಾಂಕ್‌ಗೆ ಹಾಕುವ ಗುಳಿಗೆ, ನೀರಿನಿಂದ ಹೈಡ್ರೋಜನ್ ತೆಗೆಯುವ ಡಬ್ಬಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ಮೈಲೇಜ್ ಸಾಧನಗಳನ್ನು ನೂರಕ್ಕೂ ಹೆಚ್ಚು ಪರಿಶೀಲಿಸಿದೆ, ಗಮನಾರ್ಹ ಲಾಭ ಕಾಣಲಿಲ್ಲ. ಪೆಟ್ರೋಲ್ ಅಯಸ್ಕಾಂತಕ್ಕೆ ಬಗ್ಗುವ ವಸ್ತುವಲ್ಲ. ಹೈಡ್ರೋಜನ್ ಡಬ್ಬಿಗೆ ಕರೆಂಟ್ ಕೊಡುವ ಆಲ್ಟರ್ನೇಟರನ್ನು ತಿರುಗಿಸುವುದು ಅದೇ ಇಂಜಿನ್. ಸುಳಿ ರೆಕ್ಕೆ ಎಲ್ಲಕ್ಕಿಂತ ಮೊದಲು ಗಾಳಿಗೆ ಅಡ್ಡ. ಮ್ಯಾನಿಫೋಲ್ಡ್‌ಗೆ ಗಾಳಿ ಬಿಡುವ ಬ್ಲೀಡ್ ವಾಲ್ವ್ ಮಾತ್ರ ನಿಜಕ್ಕೂ ಕೆಲಸ ಮಾಡುತ್ತದೆ: ದುಡ್ಡು ಕೊಟ್ಟು ಕೂರಿಸಿದ ಏರ್ ಲೀಕ್ ಅದು. ದೋಷ ಹುಡುಕುವಾಗ ಇವೆಲ್ಲ ಬಿಚ್ಚಿ, ತೂತು ಮುಚ್ಚಿ ಶುರುಮಾಡಿ.

ಮೀಟರ್ ಮತ್ತು ಪ್ಲಗ್

ಎಕ್ಸಾಸ್ಟ್ ಸೆನ್ಸರ್‌ನಿಂದ ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಮೀಟರ್ ಒಂದು ಒಳ್ಳೆಯ ಫಿಟಿಂಗ್, ಓದಲು ಬಂದರೆ. ಶುದ್ಧ ಪೆಟ್ರೋಲ್ ಅಳತೆಯಲ್ಲಿ ಐಡ್ಲಿಂಗ್‌ಗೆ 13.5ರಿಂದ 14.2, ಹದ ವೇಗಕ್ಕೆ 14.5ರ ಆಸುಪಾಸು, ಪೂರ್ತಿ ಥ್ರಾಟಲ್‌ಗೆ 12.5ರಿಂದ 13. ಆದರೆ ಸೆನ್ಸರ್ ನೋಡುವುದು ಉಳಿದ ಆಮ್ಲಜನಕವನ್ನು, ಪೆಟ್ರೋಲನ್ನಲ್ಲ. ರಿಚ್ ಆಗಿ ಪ್ಲಗ್ ಒದ್ದೆಯಾಗಿ ಒಂದು ಸಿಲಿಂಡರ್ ಉರಿಯದೆ ಹೋದರೆ ಆ ಗಾಳಿ ಹಾಗೇ ಹೊರಬಂದು ಮೀಟರ್ "ಲೀನ್" ಎನ್ನುತ್ತದೆ. ಇಂಜಿನ್ ಮತ್ತು ಸೆನ್ಸರ್ ನಡುವಿನ ಎಕ್ಸಾಸ್ಟ್ ಜಾಯಿಂಟ್ ಲೀಕ್ ಆದರೂ ಅದೇ ಸುಳ್ಳು. ನಂಬಿ ಜೆಟ್ ಏರಿಸಿದರೆ ಮಿಸ್ಸಿಂಗ್ ಇನ್ನೂ ಹೆಚ್ಚುತ್ತದೆ, ಮೀಟರ್ ಇನ್ನೂ ಲೀನ್ ಎನ್ನುತ್ತದೆ.

ಅನುಮಾನ ಬಂದಾಗ ಪ್ಲಗ್ ಕೇಳಿ. ಹೊಸ ಪ್ಲಗ್ ಹಾಕಿ, ಖಾಲಿ ರಸ್ತೆಯಲ್ಲಿ ಅನುಮಾನದ ಥ್ರಾಟಲ್‌ನಲ್ಲೇ ಸ್ವಲ್ಪ ದೂರ ಎಳೆದು, ಇಗ್ನಿಷನ್ ಮತ್ತು ಕ್ಲಚ್ ಒಟ್ಟಿಗೆ ಕಡಿದು ನಿಲ್ಲಿಸಿ. ಐಡ್ಲಿಂಗ್‌ನಲ್ಲಿ ಮನೆತನಕ ಬಂದು ತೆಗೆದ ಪ್ಲಗ್ ಹೇಳುವುದು ಐಡ್ಲಿಂಗ್ ಕಥೆಯನ್ನು ಮಾತ್ರ. ಪಿಂಗಾಣಿಯ ಹೊರತುದಿ ನೋಡಿದರೆ ಸಾಲದು, ಭೂತಗನ್ನಡಿಯಲ್ಲಿ ಅದು ಒಳಗೆ ಲೋಹ ಸೇರುವ ಬುಡದವರೆಗೆ ಇಣುಕಿ. ಮಿಶ್ರಣದ ಬಣ್ಣ ಮೊದಲು ಕೂರುವುದು ಆ ಬುಡದ ಉಂಗುರದಲ್ಲಿ. ಅಲ್ಲಿ ತೆಳು ಕಂದು ಇದ್ದರೆ ಜೆಟ್ ಮುಟ್ಟಬೇಡಿ. ಒಣ ಕಪ್ಪು ಮಸಿಯಿದ್ದರೆ ಒಂದು ಹೆಜ್ಜೆ ಇಳಿಸಿ. ಬುಡದವರೆಗೂ ಬಿಳಿಯಿದ್ದು ತುದಿಯಲ್ಲಿ ಸಣ್ಣ ಗುಳ್ಳೆಗಳೆದ್ದಿದ್ದರೆ ಜೆಟ್ ಏರಿಸುವವರೆಗೆ ಆ ಗಾಡಿಯನ್ನು ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಬೇಡಿ.